ಕೆಟ್ಟಿರುವುದು ದೀಪವೇ, ದೀಪದೊಳಗಿನ ಒಂದು ಭಾಗವೇ? – ಎಲ್‌ಇಡಿ ಬೀದಿದೀಪ ಹಾಗೂ ಮನೆದೀಪಗಳ ದೋಷ ಪತ್ತೆ ಮತ್ತು ದುರಸ್ತಿ

ಗ್ರಾಮ ಪಂಚಾಯಿತಿಯ ಸಾಮಾನ್ಯ ಸಭೆಗಳಲ್ಲಿ ಪದೇ ಪದೇ ಚರ್ಚೆಗೆ ಬರುವ ವಿಷಯಗಳಲ್ಲಿ ಬೀದಿದೀಪವೂ ಒಂದು. ವಾರ್ಡಿನ ಸದಸ್ಯರು ದೀಪ ಆರಿರುವುದನ್ನು ಸಭೆಯ ಗಮನಕ್ಕೆ ತರುತ್ತಾರೆ. ಹೊಸ ದೀಪಗಳ ಖರೀದಿಗೆ ನಿರ್ಣಯವಾಗುತ್ತದೆ, ದರಪಟ್ಟಿ ಬರುತ್ತದೆ, ದೀಪಗಳು ಕಂಬವೇರುತ್ತವೆ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಅದೇ ಕಂಬಗಳ ಹೆಸರು ಮತ್ತೆ ಸಭೆಯ ಮುಂದಿರುತ್ತದೆ. ಇಳಿಸಿದ ಹಳೆಯ ದೀಪಗಳು ಪಂಚಾಯಿತಿ ಕಚೇರಿಯ ಮೂಲೆಯಲ್ಲಿ ರಾಶಿ ಬೀಳುತ್ತವೆ. ಆ ರಾಶಿಯಲ್ಲಿ ಎಷ್ಟು ದೀಪಗಳು ನಿಜವಾಗಿ ಪೂರ್ಣ ಕೆಟ್ಟಿವೆ, ಎಷ್ಟು ದೀಪಗಳಲ್ಲಿ ಒಂದೇ ಒಂದು ಸಣ್ಣ ಭಾಗ ಮಾತ್ರ ಕೆಟ್ಟಿದೆ ಎಂಬುದನ್ನು ಪರಿಶೀಲಿಸುವ ಪದ್ಧತಿ ಬಹುತೇಕ ಕಡೆ ರೂಢಿಯಲ್ಲಿಲ್ಲ.

ಸಂವಿಧಾನದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಪಟ್ಟಿ ಮಾಡಲಾಗಿದ್ದು, ಅದರ ಕೊನೆಯ ವಿಷಯವೇ ಸಮುದಾಯದ ಆಸ್ತಿಗಳ ನಿರ್ವಹಣೆ. ನಿರ್ವಹಣೆ ಎಂಬ ಪದಕ್ಕೆ ಹೊಸದನ್ನು ಕೊಳ್ಳುವುದಷ್ಟೇ ಅರ್ಥವಲ್ಲ. ಇರುವುದನ್ನು ಅದರ ಪೂರ್ಣ ಆಯುಷ್ಯದವರೆಗೆ ಕೆಲಸಕ್ಕೆ ಉಳಿಸಿಕೊಳ್ಳುವುದು ಅದರ ಮುಖ್ಯಾರ್ಥ. ಸದಸ್ಯರು ಸ್ವತಃ ಬೆಸುಗೆ ಹಾಕಬೇಕಾಗಿಲ್ಲ. ಆದರೆ ಬಿಲ್ಲಿಗೆ ಒಪ್ಪಿಗೆ ನೀಡುವ ಮುನ್ನ ಕೇಳಬೇಕಾದ ಪ್ರಶ್ನೆಗಳನ್ನು ಅರಿತಿರುವುದು ಅಗತ್ಯ. ಆ ಉದ್ದೇಶಕ್ಕಾಗಿ ಈ ವಿವರಣೆಯನ್ನು ನೀಡಲಾಗಿದೆ.

ದೀಪದ ಒಳಗಿನ ರಚನೆ

2015ರ ಜನವರಿಯಲ್ಲಿ ಕೇಂದ್ರ ಸರ್ಕಾರದ ಉಜಾಲಾ ಯೋಜನೆ ಹಾಗೂ ರಾಷ್ಟ್ರೀಯ ಬೀದಿದೀಪ ಕಾರ್ಯಕ್ರಮಗಳು ಆರಂಭವಾದ ನಂತರ ಎಲ್‌ಇಡಿ ದೀಪಗಳು ಹಳ್ಳಿಗಳ ಮನೆಗಳನ್ನೂ ಬೀದಿಗಳನ್ನೂ ವ್ಯಾಪಕವಾಗಿ ತಲುಪಿದವು. ಹಳೆಯ ತಂತಿಯ ಬಲ್ಬಿಗೆ ದುರಸ್ತಿ ಎಂಬುದೇ ಇರಲಿಲ್ಲ. ಒಳಗಿನ ತಂತಿ ತುಂಡಾದರೆ ಅದರ ಕಥೆ ಮುಗಿಯಿತು. ಎಲ್‌ಇಡಿ ದೀಪ ಹಾಗಲ್ಲ. ಅದೊಂದು ಎಲೆಕ್ಟ್ರಾನಿಕ್ ಉಪಕರಣ. ಮನೆಯ 9 ವ್ಯಾಟಿನ ಬಲ್ಬಿಗೂ ಕಂಬದ ಮೇಲಿನ ದೊಡ್ಡ ದೀಪಕ್ಕೂ ಗಾತ್ರದಲ್ಲಿ ವ್ಯತ್ಯಾಸವಿದೆಯೇ ಹೊರತು ಮೂಲ ರಚನೆ ಒಂದೇ.

ಈ ರಚನೆಯಲ್ಲಿ ಮೂರು ಪ್ರಧಾನ ಅಂಗಗಳಿವೆ. ಮೊದಲನೆಯದು ಬೆಳಕು ನೀಡುವ ಎಲ್‌ಇಡಿಗಳನ್ನು ಕೂರಿಸಿದ ಅಲ್ಯೂಮಿನಿಯಂ ಫಲಕ. ಎರಡನೆಯದು ಕಂಬದ 230 ವೋಲ್ಟ್ ಪರ್ಯಾಯ ವಿದ್ಯುತ್ತನ್ನು ಎಲ್‌ಇಡಿಗಳಿಗೆ ಹೊಂದುವ ಸ್ಥಿರ ಪ್ರಮಾಣದ ನೇರ ವಿದ್ಯುತ್ತಾಗಿ ಮಾರ್ಪಡಿಸುವ ಡ್ರೈವರ್. ಮೂರನೆಯದು ಶಾಖವನ್ನು ಹೊರಹಾಕುವ, ನೀರು ಒಳಹೋಗದಂತೆ ತಡೆಯುವ ಲೋಹದ ಕವಚ.

ಡ್ರೈವರಿನೊಳಗೆ ವಿದ್ಯುತ್ತು ಸಾಗುವ ದಾರಿಯನ್ನು ಕ್ರಮವಾಗಿ ನೋಡಬಹುದು. ಮೊದಲಿಗೆ ಫ್ಯೂಸ್. ಅದರ ಬಳಿಯಲ್ಲೇ ನಾಣ್ಯದಾಕಾರದ ವೇರಿಸ್ಟರ್. ವೋಲ್ಟೇಜ್ ಮಿತಿ ಮೀರಿದಾಗ ಹೆಚ್ಚುವರಿ ಹೊಡೆತವನ್ನು ತಾನು ಹೀರಿಕೊಂಡು ಮುಂದಿನ ಭಾಗಗಳನ್ನು ಕಾಯುವುದು ಅದರ ಕೆಲಸ. ನಂತರ ಪರ್ಯಾಯ ವಿದ್ಯುತ್ತನ್ನು ನೇರ ವಿದ್ಯುತ್ತಾಗಿಸುವ ನಾಲ್ಕು ಡಯೋಡುಗಳ ಜೋಡಣೆ. ಆಮೇಲೆ ಆ ವಿದ್ಯುತ್ತನ್ನು ಸಂಗ್ರಹಿಸಿ ಏರಿಳಿತವನ್ನು ಸಮಗೊಳಿಸುವ ಕೆಪಾಸಿಟರ್. ಸಾಮಾನ್ಯ ಮಾತಿನಲ್ಲಿ ಇದನ್ನೇ ಕಂಡೆನ್ಸರ್ ಎನ್ನುತ್ತಾರೆ. ಕೊನೆಗೆ ವಿದ್ಯುತ್ತಿನ ಪ್ರಮಾಣವನ್ನು ನಿಯಂತ್ರಿಸುವ ಐಸಿ ಹಾಗೂ ತಂತಿ ಸುರುಳಿ. ಇವುಗಳ ಪೈಕಿ ಯಾವುದೊಂದು ಕೆಟ್ಟರೂ ಹೊರಗಿನಿಂದ ಕಾಣುವ ಲಕ್ಷಣ ಒಂದೇ: ದೀಪ ಉರಿಯುತ್ತಿಲ್ಲ. ಆದ್ದರಿಂದಲೇ ಹೊರಲಕ್ಷಣ ನೋಡಿ ಇಡೀ ದೀಪವನ್ನು ಬದಲಿಸುವುದು ಸುಲಭದ ದಾರಿಯಾಗಿ ಕಾಣುತ್ತದೆ.

ಹೆಚ್ಚಾಗಿ ಕೆಡುವ ಮೂರು ಭಾಗಗಳು

ಅ) ಕೆಪಾಸಿಟರ್: ಇದರೊಳಗೆ ದ್ರವರೂಪದ ರಾಸಾಯನಿಕವಿರುತ್ತದೆ. ಶಾಖಕ್ಕೆ ಅದು ನಿಧಾನವಾಗಿ ಆರುತ್ತದೆ. ಕೆಪಾಸಿಟರಿನ ಮೇಲೆ 105 ಡಿಗ್ರಿ ಎಂದು ಮುದ್ರಿತವಾಗಿದ್ದು, ಆ ಶಾಖದಲ್ಲಿ ಅದರ ಆಯುಷ್ಯ 2000 ಗಂಟೆ ಎಂದು ತಯಾರಕರು ನಮೂದಿಸಿದ್ದಾರೆಂದು ಭಾವಿಸೋಣ. ಬೀದಿದೀಪ ದಿನಕ್ಕೆ 12 ಗಂಟೆಯಂತೆ ವರ್ಷಕ್ಕೆ 4380 ಗಂಟೆ ಉರಿಯುತ್ತದೆ. ಅಂದರೆ ಆ ಶಾಖದಲ್ಲಿ ಕೆಪಾಸಿಟರ್ ಆರು ತಿಂಗಳೂ ಬಾಳದು. ಆದರೆ ಶಾಖ ಪ್ರತಿ 10 ಡಿಗ್ರಿ ಇಳಿದಂತೆ ಆಯುಷ್ಯ ಸರಿಸುಮಾರು ಇಮ್ಮಡಿಯಾಗುತ್ತದೆ. 85 ಡಿಗ್ರಿಯಲ್ಲಿ 8000 ಗಂಟೆ, 65 ಡಿಗ್ರಿಯಲ್ಲಿ 32,000 ಗಂಟೆ. ಅಂದರೆ ಏಳು ವರ್ಷಕ್ಕೂ ಹೆಚ್ಚು. ಒಂದೇ ಭಾಗ, ಒಂದೇ ಬೆಲೆ. ಕವಚ ಶಾಖವನ್ನು ಹೊರಹಾಕುವ ಬಗೆಯಿಂದಲೇ ಎರಡು ವರ್ಷಕ್ಕೂ ಏಳು ವರ್ಷಕ್ಕೂ ಇರುವ ಅಂತರ ನಿರ್ಧಾರವಾಗುತ್ತದೆ. ಕೆಟ್ಟ ಕೆಪಾಸಿಟರಿನ ತಲೆ ಉಬ್ಬಿರುತ್ತದೆ, ಕೆಲವೊಮ್ಮೆ ಬುಡದಲ್ಲಿ ಕಂದು ಅಂಟು ಸೋರಿರುತ್ತದೆ. ದೀಪ ಮಿನುಗುವುದು, ಹೊತ್ತಿಕೊಳ್ಳಲು ತಡಮಾಡುವುದು ಇದರ ಮುನ್ಸೂಚನೆಗಳು.

ಆ) ವೇರಿಸ್ಟರ್ ಮತ್ತು ಫ್ಯೂಸ್: ಸಿಡಿಲು ಅಥವಾ ಮಾರ್ಗದ ಏರು ವೋಲ್ಟೇಜಿನಿಂದ ಇವು ಸುಡುತ್ತವೆ. ವೇರಿಸ್ಟರ್ ಕಪ್ಪಾಗಿ ಸಿಡಿದಿದ್ದರೆ ಅದು ತನ್ನ ಕರ್ತವ್ಯ ನಿರ್ವಹಿಸಿಯೇ ಹೋಗಿದೆ ಎಂದು ತಿಳಿಯಬೇಕು. ಅದರ ಮೇಲೆ 471 ಎಂದು ಮುದ್ರಿತವಾಗಿದ್ದರೆ, 47ರ ಮುಂದೆ ಒಂದು ಸೊನ್ನೆ, ಅಂದರೆ 470 ವೋಲ್ಟ್ ಎಂದರ್ಥ. ಅದೇ ಅಂಕಿಯ, ಅದೇ ಅಳತೆಯ ವೇರಿಸ್ಟರನ್ನೇ ಹಾಕಬೇಕು. ವೇರಿಸ್ಟರನ್ನು ಕಿತ್ತುಹಾಕಿ, ಫ್ಯೂಸಿನ ಜಾಗದಲ್ಲಿ ತಾಮ್ರದ ತಂತಿ ಕಟ್ಟಿದರೂ ದೀಪ ಉರಿಯುತ್ತದೆ. ಆದರೆ ಮುಂದಿನ ಸಿಡಿಲಿಗೆ ಡ್ರೈವರ್ ಪೂರ್ತಿ ಸುಡುತ್ತದೆ, ಬೆಂಕಿಯ ಅಪಾಯವೂ ಇರುತ್ತದೆ. ಇಂತಹ ಕೆಲಸವನ್ನು ದುರಸ್ತಿ ಎಂದು ಒಪ್ಪಿಕೊಳ್ಳಬಾರದು.

ಇ) ಎಲ್‌ಇಡಿಗಳು: ಫಲಕದ ಮೇಲಿನ ಎಲ್‌ಇಡಿಗಳು ಹೂಮಾಲೆಯಂತೆ ಒಂದರ ಹಿಂದೊಂದು ಜೋಡಣೆಯಾಗಿರುತ್ತವೆ. ಸರಣಿಯಲ್ಲಿ ಒಂದರ ಸಂಪರ್ಕ ಕಡಿದರೆ ಉಳಿದವು ಸುಸ್ಥಿತಿಯಲ್ಲಿದ್ದರೂ ಇಡೀ ಸರಣಿ ಆರುತ್ತದೆ. ಸುಟ್ಟ ಎಲ್‌ಇಡಿಯ ಹಳದಿ ಮೈಮೇಲೆ ಸೂಜಿಮೊನೆಯಷ್ಟು ಕಪ್ಪು ಚುಕ್ಕೆ ಕಾಣುವುದುಂಟು. ಒಂದೇ ಫಲಕದಲ್ಲಿ ಎರಡು ಮೂರು ಸರಣಿಗಳಿದ್ದರೆ ಒಂದು ಸರಣಿ ಮಾತ್ರ ಆರಿ, ಅದರ ಪಾಲಿನ ವಿದ್ಯುತ್ತು ಉಳಿದ ಸರಣಿಗಳಿಗೆ ಹರಿಯುತ್ತದೆ. ಆಗ ಅವು ಹೆಚ್ಚು ಕಾದು ಬೇಗ ಕೆಡುತ್ತವೆ. ಆದ್ದರಿಂದ ಅರ್ಧ ಉರಿಯುತ್ತಿರುವ ದೀಪವನ್ನು ಪೂರ್ತಿ ಆರಿದ ದೀಪಕ್ಕಿಂತ ಮೊದಲು ಇಳಿಸಿ ಸರಿಪಡಿಸುವುದು ಲಾಭಕರ.

ದೋಷ ಪತ್ತೆಯ ಕ್ರಮ

ದುರಸ್ತಿಯಲ್ಲಿ ಸಮಯ ಹಾಗೂ ಹಣ ವ್ಯರ್ಥವಾಗುವುದು ಊಹೆಯಿಂದ ಭಾಗಗಳನ್ನು ಬದಲಿಸುವಾಗ. ಹೊರಗಿನಿಂದ ಒಳಗೆ, ಸುಲಭದಿಂದ ಕಠಿಣಕ್ಕೆ ಸಾಗುವುದು ಸರಿಯಾದ ಕ್ರಮ.

1. ಕಂಬದಲ್ಲಿ ವಿದ್ಯುತ್ತು ಇದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಟೆಸ್ಟರ್ ಹೊತ್ತಿಕೊಂಡರೆ ಫೇಸ್ ಬಂದಿದೆ ಎಂದಷ್ಟೇ ತಿಳಿಯುತ್ತದೆ. ನ್ಯೂಟ್ರಲ್ ಕಡಿದಿದ್ದರೂ ಟೆಸ್ಟರ್ ಹೊತ್ತಿಕೊಳ್ಳುತ್ತದೆ. ಮಲ್ಟಿಮೀಟರಿನಿಂದ ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ವೋಲ್ಟಿನ ಆಸುಪಾಸು ಇರುವುದನ್ನು ಅಳೆಯುವುದೇ ನಿಜವಾದ ಪರೀಕ್ಷೆ. ಕಂಬದ ಜೋಡಣೆಯ ತಂತಿ ಸಡಿಲವಾಗಿದ್ದು, ದೀಪವೇ ಕೆಟ್ಟಿದೆಯೆಂದು ಇಳಿಸಿಕೊಂಡು ಬರುವ ಪ್ರಸಂಗಗಳು ಅಪರೂಪವಲ್ಲ.

2. ದೀಪವನ್ನು ಕೆಳಗಿಳಿಸಿ ತೆರೆದ ಕೂಡಲೇ ಕಣ್ಣು ಮತ್ತು ಮೂಗಿನಿಂದ ಪರೀಕ್ಷಿಸಬೇಕು. ಸುಟ್ಟ ವಾಸನೆ, ಉಬ್ಬಿದ ಕೆಪಾಸಿಟರ್, ಸಿಡಿದ ವೇರಿಸ್ಟರ್, ನೀರಿನ ಕಲೆ, ಒಳಗೆ ಸೇರಿದ ಹುಳುಗಳು, ಬಿರುಕು ಬಿಟ್ಟ ಬೆಸುಗೆ – ಯಾವ ಉಪಕರಣವೂ ಇಲ್ಲದೆ ಇವನ್ನು ಗುರುತಿಸಬಹುದು.

3. ಡ್ರೈವರ್ ಮತ್ತು ಫಲಕವನ್ನು ಬೇರ್ಪಡಿಸಿ ದೋಷ ಯಾವ ಕಡೆಗಿದೆ ಎಂಬುದನ್ನು ನಿರ್ಧರಿಸಬೇಕು. ಡ್ರೈವರಿನ ಚೀಟಿಯಲ್ಲಿ ಹೊರಹರಿವಿನ ವೋಲ್ಟೇಜ್ ವ್ಯಾಪ್ತಿ ಮತ್ತು ಮಿಲಿಆಂಪಿಯರ್ ಪ್ರಮಾಣ ಮುದ್ರಿತವಾಗಿರುತ್ತದೆ. ಹೊರಹರಿವು ಪೂರ್ಣ ಸೊನ್ನೆಯಾಗಿದ್ದರೆ ದೋಷ ಡ್ರೈವರಿನದು. ಫಲಕ ಜೋಡಿಸದಿರುವಾಗ ಕೆಲವು ಡ್ರೈವರುಗಳ ಹೊರಹರಿವು ಏರಿಳಿಯುತ್ತದೆ. ಅದನ್ನು ದೋಷವೆಂದು ಭಾವಿಸಬಾರದು.

4. ಡ್ರೈವರ್ ಸರಿಯಿದ್ದರೆ ಫಲಕದ ಎಲ್‌ಇಡಿಗಳನ್ನು ಒಂದೊಂದಾಗಿ ಎಲ್‌ಇಡಿ ಪರೀಕ್ಷಕದಿಂದ ಹೊತ್ತಿಸಿ ನೋಡಬೇಕು. ಹೊತ್ತಿಕೊಳ್ಳದ್ದನ್ನು ಗುರುತು ಮಾಡಿ, ಅದೇ ವೋಲ್ಟೇಜಿನ ಇನ್ನೊಂದನ್ನು ಕೂರಿಸಬೇಕು. ಕೆಟ್ಟ ಎಲ್‌ಇಡಿಯ ಎರಡು ತುದಿಗಳನ್ನು ತಂತಿಯಿಂದ ಕೂಡಿಸಿ ದೀಪ ಹೊತ್ತಿಸುವ ರೂಢಿಯೂ ಇದೆ. ಅನೇಕ ಎಲ್‌ಇಡಿಗಳ ಸರಣಿಯಲ್ಲಿ ಒಂದಕ್ಕೆ ಮಾತ್ರ, ಅದೂ ತಾತ್ಕಾಲಿಕವಾಗಿ, ಇದನ್ನು ಒಪ್ಪಬಹುದು. ನಾಲ್ಕೈದನ್ನು ಹೀಗೆ ಕೂಡಿಸಿದರೆ ಸರಣಿಯ ಒಟ್ಟು ವೋಲ್ಟೇಜ್ ಡ್ರೈವರಿನ ವ್ಯಾಪ್ತಿಯಿಂದ ಕೆಳಗಿಳಿದು ದೀಪ ಮಿನುಗತೊಡಗುತ್ತದೆ.

5. ಡ್ರೈವರಿನ ಭಾಗ ಬದಲಿಸಿದ ಮೇಲೆ ನೇರವಾಗಿ ಕಂಬಕ್ಕೆ ಜೋಡಿಸದೆ, ಹಳೆಯ 60 ಅಥವಾ 100 ವ್ಯಾಟಿನ ತಂತಿಯ ಬಲ್ಬನ್ನು ಸರಣಿಯಲ್ಲಿಟ್ಟು ಪರೀಕ್ಷಿಸಬೇಕು. ಒಳಗೆ ಇನ್ನೂ ಶಾರ್ಟ್ ಇದ್ದರೆ ಆ ಬಲ್ಬು ಪೂರ್ಣ ಪ್ರಕಾಶದಿಂದ ಉರಿದು ಎಚ್ಚರಿಸುತ್ತದೆ. ಹೊಸ ಭಾಗ ಸುಡುವುದಿಲ್ಲ.

6. ಮುಚ್ಚುವ ಮುನ್ನ ಫಲಕದ ಹಿಂಬದಿಗೆ ಶಾಖವಾಹಕ ಪೇಸ್ಟ್ ಹಚ್ಚಿ, ರಬ್ಬರ್ ಗ್ಯಾಸ್ಕೆಟನ್ನು ಸರಿಯಾಗಿ ಕೂರಿಸಬೇಕು. ಈ ಎರಡನ್ನು ಬಿಟ್ಟರೆ ದುರಸ್ತಿಯಾದ ದೀಪ ಮುಂದಿನ ಮಳೆಗೇ ಹಿಂದಿರುಗುತ್ತದೆ.

ಕೆಪಾಸಿಟರ್ ಬದಲಿಸುವಾಗ ಮೈಕ್ರೋಫ್ಯಾರಡ್ ಪ್ರಮಾಣ ಮೊದಲಿನಷ್ಟೇ ಇರಬೇಕು, ವೋಲ್ಟೇಜ್ ಮಿತಿ ಮೊದಲಿನಷ್ಟು ಅಥವಾ ಹೆಚ್ಚಿರಬೇಕು, ಧನ ಮತ್ತು ಋಣ ತುದಿಗಳು ಅದಲು ಬದಲಾಗಬಾರದು.

ಒಂದೇ ಬೀದಿಯ ಹಲವು ದೀಪಗಳು ಒಟ್ಟಿಗೆ ಕೆಟ್ಟಾಗ

ಸದಸ್ಯರು ವಿಶೇಷವಾಗಿ ಗಮನಿಸಬೇಕಾದ ಅಂಶ ಇದು. ಒಂದು ದೀಪ ಕೆಟ್ಟರೆ ದೋಷವನ್ನು ದೀಪದಲ್ಲಿ ಹುಡುಕಬೇಕು. ಒಂದೇ ಮಾರ್ಗದ ಹಲವು ದೀಪಗಳು ಒಂದೇ ರಾತ್ರಿ ಕೆಟ್ಟರೆ ದೋಷವನ್ನು ಮಾರ್ಗದಲ್ಲಿ ಹುಡುಕಬೇಕು.

ಮೂರು ಫೇಸಿನ ವಿತರಣಾ ಮಾರ್ಗದಲ್ಲಿ ಪ್ರತಿ ಫೇಸಿಗೂ ನ್ಯೂಟ್ರಲಿಗೂ ನಡುವೆ 230 ವೋಲ್ಟ್, ಎರಡು ಫೇಸುಗಳ ನಡುವೆ ಸುಮಾರು 400 ವೋಲ್ಟ್ ಇರುತ್ತದೆ. ಟ್ರಾನ್ಸ್‌ಫಾರ್ಮರ್ ಬಳಿ ಅಥವಾ ಮಾರ್ಗಮಧ್ಯದಲ್ಲಿ ನ್ಯೂಟ್ರಲ್ ತಂತಿ ಕಡಿದರೆ, ಬೇರೆ ಬೇರೆ ಫೇಸಿನ ಮನೆಗಳು ತಮಗರಿವಿಲ್ಲದೆ ಆ 400 ವೋಲ್ಟನ್ನು ಪರಸ್ಪರ ಹಂಚಿಕೊಳ್ಳುತ್ತವೆ. ಹಂಚಿಕೆ ಸಮವಾಗಿರುವುದಿಲ್ಲ. ಹೆಚ್ಚು ಹೊರೆಯಿರುವ ಫೇಸಿಗೆ ಕಡಿಮೆ ವೋಲ್ಟೇಜ್, ಕಡಿಮೆ ಹೊರೆಯಿರುವ ಫೇಸಿಗೆ ಅತಿ ಹೆಚ್ಚು ವೋಲ್ಟೇಜ್ ದೊರೆಯುತ್ತದೆ. ಒಂದು ಮನೆಯ ದೀಪ ಮಂದವಾಗಿ, ಪಕ್ಕದ ಮನೆಯ ದೀಪ ಕಣ್ಣು ಕುಕ್ಕುವಂತೆ ಉರಿಯುವುದು ಇದರ ಸ್ಪಷ್ಟ ಲಕ್ಷಣ. 230 ವೋಲ್ಟಿಗೆ ಕೆಪಾಸಿಟರಿನ ಮೇಲೆ ಬೀಳುವುದು 325 ವೋಲ್ಟ್. ಮಾರ್ಗದಲ್ಲಿ 350 ವೋಲ್ಟ್ ಬಂದರೆ ಅದು 495 ವೋಲ್ಟಿಗೇರಿ, 400 ವೋಲ್ಟ್ ಮಿತಿಯ ಕೆಪಾಸಿಟರ್ ಸಿಡಿಯುತ್ತದೆ. ಬೀದಿದೀಪದ ಜೊತೆಗೆ ಆ ಬೀದಿಯ ಟಿವಿ, ಸೆಟ್‌ಟಾಪ್ ಬಾಕ್ಸ್, ಮೊಬೈಲ್ ಚಾರ್ಜರುಗಳೂ ಸುಡುತ್ತವೆ. ಕೂಲಿ ಮಾಡಿ ಕೊಂಡ ಟಿವಿ ಒಂದು ಗಳಿಗೆಯಲ್ಲಿ ಹೋಗುತ್ತದೆ.

ಇಂತಹ ಸಂದರ್ಭದಲ್ಲಿ ಹೊಸ ದೀಪಗಳನ್ನು ಹಾಕಿದರೆ ಅವೂ ಸುಡುತ್ತವೆ. ಮೊದಲು ಮಾಡಬೇಕಾದ ಕೆಲಸವೆಂದರೆ ಮನೆಗಳ ಮೇನ್ ಸ್ವಿಚ್ ಆರಿಸುವಂತೆ ನಿವಾಸಿಗಳಿಗೆ ತಿಳಿಸಿ, ವಿದ್ಯುತ್ ಸರಬರಾಜು ಕಂಪನಿಯ ಶಾಖಾ ಕಚೇರಿಗೆ ಲಿಖಿತ ದೂರು ನೀಡಿ, ನ್ಯೂಟ್ರಲ್ ಹಾಗೂ ಅರ್ಥಿಂಗ್ ಸರಿಪಡಿಸುವಂತೆ ಕೋರುವುದು. ಯಾವ ಕಂಬದಿಂದ ಯಾವ ಕಂಬದವರೆಗೆ, ಯಾವ ದಿನ, ಎಷ್ಟು ಹೊತ್ತಿಗೆ ಎಂಬ ವಿವರ ದೂರಿನಲ್ಲಿದ್ದರೆ ದೋಷವಿರುವ ಜಾಗ ಬೇಗ ಸಿಗುತ್ತದೆ.

ಮನೆಗಳಲ್ಲಿ ಕಂಡುಬರುವ ಇನ್ನೊಂದು ಲಕ್ಷಣವನ್ನೂ ಗ್ರಾಮಸಭೆಯಲ್ಲಿ ತಿಳಿಸುವುದು ಉಪಯುಕ್ತ. ಸ್ವಿಚ್ ಆರಿಸಿದ ಮೇಲೂ ಎಲ್‌ಇಡಿ ಬಲ್ಬು ಮಂದವಾಗಿ ಮಿನುಗುತ್ತಿದ್ದರೆ ಬಲ್ಬು ಕೆಟ್ಟಿದೆಯೆಂದು ಎಸೆಯಬಾರದು. ಫೇಸ್ ತಂತಿಯ ಬದಲು ನ್ಯೂಟ್ರಲ್ ತಂತಿಗೆ ಸ್ವಿಚ್ ಜೋಡಿಸಿರುವ ಸಾಧ್ಯತೆಯಿದೆ. ಅಂತಹ ಮನೆಯಲ್ಲಿ ಸ್ವಿಚ್ ಆರಿಸಿ ಬಲ್ಬು ಬದಲಿಸಲು ಹೋದವರಿಗೂ ಹೋಲ್ಡರಿನಲ್ಲಿ ಶಾಕ್ ಹೊಡೆಯಬಹುದು.

ಹಗಲು ಉರಿಯುವ ದೀಪ

30 ವ್ಯಾಟಿನ ದೀಪವೊಂದು ರಾತ್ರಿ 12 ಗಂಟೆ ಉರಿದರೆ ವರ್ಷಕ್ಕೆ 131 ಯೂನಿಟ್ ಬಳಸುತ್ತದೆ. ಟೈಮರ್ ಕೆಟ್ಟು, ಅಥವಾ ಸ್ವಿಚ್ ಆರಿಸುವವರಿಲ್ಲದೆ ಹಗಲೂ ಉರಿದರೆ ಇನ್ನೂ ಅಷ್ಟೇ ಯೂನಿಟ್ ವ್ಯರ್ಥ. ಇಂತಹ 50 ದೀಪಗಳಿರುವ ಗ್ರಾಮದಲ್ಲಿ ವರ್ಷಕ್ಕೆ ಸುಮಾರು 6,570 ಯೂನಿಟ್ ವ್ಯರ್ಥವಾಗುತ್ತದೆ. ಬಿಲ್ಲಿನ ಹೊರೆ ಒಂದು ಕಡೆಯಾದರೆ, ಹಗಲಿನ ಬಿಸಿಲಿನ ಶಾಖದಲ್ಲಿ ದುಡಿಯುವ ಕೆಪಾಸಿಟರಿನ ಆಯುಷ್ಯ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಒಂದು ಟೈಮರ್ ದುರಸ್ತಿಯಿಂದ ಐವತ್ತು ದೀಪಗಳ ಆಯುಷ್ಯ ಉಳಿಯುತ್ತದೆ.

ಸುರಕ್ಷತೆ

ದೀಪಕ್ಕಿಂತ ಜೀವ ದೊಡ್ಡದು. ವಿದ್ಯುತ್ ಸರಬರಾಜು ಕಂಪನಿಯ ಸಿಬ್ಬಂದಿಯಿಂದ ಲೈನ್ ಕ್ಲಿಯರ್ ಪಡೆಯದೆ ಯಾರನ್ನೂ ಕಂಬ ಹತ್ತಿಸಬಾರದು. ನೀರುಗಂಟಿಗೆ ಕಂಬ ಹತ್ತಲು ಬರುತ್ತದೆ ಎಂಬುದು ಅವರನ್ನು ಹತ್ತಿಸಲು ಕಾರಣವಾಗಬಾರದು. ಪರವಾನಗಿ ಪಡೆದ ಎಲೆಕ್ಟ್ರಿಷಿಯನ್, ಕೈಗವಸು, ಸುರಕ್ಷತಾ ಬೆಲ್ಟ್ – ಈ ಮೂರೂ ಇರತಕ್ಕದ್ದು. ದೀಪವನ್ನು ಕೆಳಗಿಳಿಸಿದ ಮೇಲೂ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೀರಿದ ಸಂಗ್ರಹ ಸ್ವಲ್ಪ ಕಾಲ ಉಳಿದಿರಬಹುದು. ಅದನ್ನು ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಮೀಟರಿನಿಂದ ಖಚಿತಪಡಿಸಿಕೊಂಡ ನಂತರವೇ ಕೈ ಹಾಕಬೇಕು. ಅನೇಕ ಅಗ್ಗದ ದೀಪಗಳಲ್ಲಿ ಎಲ್‌ಇಡಿಗಳಿಗೂ ಕಂಬದ ವಿದ್ಯುತ್ತಿಗೂ ನಡುವೆ ಯಾವ ಬೇರ್ಪಡಿಕೆಯೂ ಇರುವುದಿಲ್ಲ. ಆದ್ದರಿಂದ ಉರಿಯುತ್ತಿರುವ ಫಲಕವನ್ನು ಮುಟ್ಟಬಾರದು.

ದುರಸ್ತಿಯೋ, ಬದಲಾವಣೆಯೋ

ವಾರಂಟಿ ಅವಧಿಯಲ್ಲಿರುವ ದೀಪವನ್ನು ತೆರೆಯಬಾರದು, ಸರಬರಾಜುದಾರರಿಂದಲೇ ಬದಲಿಸಿಕೊಳ್ಳಬೇಕು. ಅದಕ್ಕಾಗಿ ದೀಪ ಅಳವಡಿಸಿದ ದಿನಾಂಕವನ್ನು ದೀಪದ ಮೇಲೂ ವಹಿಯಲ್ಲೂ ಬರೆದಿಡುವುದು ಅವಶ್ಯ. ವಾರಂಟಿ ಮುಗಿದ ದೀಪದ ಕವಚ ಮತ್ತು ಫಲಕ ಸರಿಯಿದ್ದು ಡ್ರೈವರ್ ಮಾತ್ರ ಕೆಟ್ಟಿದ್ದರೆ ದುರಸ್ತಿ ಲಾಭಕರ. ಭಾಗಮಟ್ಟದಲ್ಲಿ ಸರಿಪಡಿಸಬಲ್ಲ ಕುಶಲಕರ್ಮಿ ಇದ್ದರೆ ಭಾಗವನ್ನು, ಇಲ್ಲದಿದ್ದರೆ ಅದೇ ಹೊರಹರಿವಿನ ಡ್ರೈವರನ್ನು ಬದಲಿಸಬಹುದು. ಕವಚ ಬಿರುಕು ಬಿಟ್ಟು ನೀರು ತುಂಬಿದ, ಫಲಕ ಸುಟ್ಟು ಕಪ್ಪಾದ ದೀಪವನ್ನು ಬದಲಿಸುವುದೇ ಸೂಕ್ತ. ಅಂತಹ ದೀಪದ ಸುಸ್ಥಿತಿಯ ಭಾಗಗಳನ್ನು ಬಿಡಿಭಾಗಗಳಾಗಿ ತೆಗೆದಿರಿಸಬಹುದು.

ಹೊಸ ಖರೀದಿ ಅನಿವಾರ್ಯವಾದಾಗ, ಪಾರದರ್ಶಕತೆ ಅಧಿನಿಯಮ, 1999ರ ವಿಧಿವಿಧಾನಗಳ ಜೊತೆಗೆ ತಾಂತ್ರಿಕ ಷರತ್ತುಗಳಲ್ಲಿ ದುರಸ್ತಿಯ ಅನುಕೂಲವನ್ನೂ ಸೇರಿಸುವುದು ಜಾಣತನ. ಸ್ಕ್ರೂ ಬಿಚ್ಚಿ ತೆರೆಯಬಹುದಾದ ಕವಚ, ಪ್ರತ್ಯೇಕವಾಗಿ ಬದಲಿಸಬಹುದಾದ ಡ್ರೈವರ್, ಏರು ವೋಲ್ಟೇಜ್ ರಕ್ಷಣೆ, ಐಪಿ 65 ಅಥವಾ ಅದಕ್ಕೂ ಮೇಲ್ಪಟ್ಟ ಜಲನಿರೋಧಕತೆ, ನಿಗದಿತ ಸಂಖ್ಯೆಯ ಬಿಡಿ ಡ್ರೈವರುಗಳ ಪೂರೈಕೆ – ಇವನ್ನು ಷರತ್ತಿನಲ್ಲಿ ಕೇಳಬೇಕು. ಅಂಟಿನಿಂದ ಪೂರ್ತಿ ಮುಚ್ಚಿದ ಅಗ್ಗದ ದೀಪ ಮೊದಲ ವರ್ಷದ ಲೆಕ್ಕದಲ್ಲಿ ಮಾತ್ರ ಅಗ್ಗ.

ವಹಿ ಮತ್ತು ಕುಶಲ ಕೈಗಳು

ಕಂಬಗಳಿಗೆ ಬಣ್ಣದಲ್ಲಿ ಸಂಖ್ಯೆ ಬರೆಸಿ, ಬೀದಿದೀಪ ದುರಸ್ತಿ ವಹಿಯೊಂದನ್ನು ತೆರೆಯಬೇಕು. ಕಂಬದ ಸಂಖ್ಯೆ, ದೂರಿನ ದಿನಾಂಕ, ಹಿಂದಿನ ದಿನ ಸಿಡಿಲು ಅಥವಾ ವೋಲ್ಟೇಜ್ ಏರಿಳಿತವಿತ್ತೇ, ಕಂಡ ಲಕ್ಷಣ, ಕೆಟ್ಟ ಭಾಗ, ಹಾಕಿದ ಭಾಗ, ದೀಪ ಮತ್ತೆ ಉರಿದ ದಿನಾಂಕ – ಇಷ್ಟು ಕಲಮುಗಳು ಸಾಕು. ಆರು ತಿಂಗಳ ನಂತರ ವಹಿಯೇ ಉತ್ತರ ಹೇಳುತ್ತದೆ. ಎಲ್ಲೆಡೆ ಕೆಪಾಸಿಟರ್ ಹೋಗುತ್ತಿದ್ದರೆ ದೀಪದ ಗುಣಮಟ್ಟ ಪ್ರಶ್ನಾರ್ಹ. ಒಂದೇ ಬೀದಿಯಲ್ಲಿ ವೇರಿಸ್ಟರ್ ಹೋಗುತ್ತಿದ್ದರೆ ಮಾರ್ಗದ ದೋಷ. ಮಳೆಗಾಲದಲ್ಲಿ ಮಾತ್ರ ಕೆಡುತ್ತಿದ್ದರೆ ಗ್ಯಾಸ್ಕೆಟ್ ದೋಷ.

ಐಟಿಐಗಳಲ್ಲಿ ಎಲೆಕ್ಟ್ರಿಷಿಯನ್ ಮತ್ತು ಎಲೆಕ್ಟ್ರಾನಿಕ್ ಮೆಕ್ಯಾನಿಕ್ ವೃತ್ತಿ ಕಲಿತ ಯುವಕ ಯುವತಿಯರು ಅನೇಕ ಗ್ರಾಮಗಳಲ್ಲಿದ್ದಾರೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಇಂದು ಜಿಲ್ಲೆಗಳಲ್ಲಿ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು ನಡೆಯುತ್ತಿದ್ದು, ಉಚಿತ ತರಬೇತಿ ನೀಡುತ್ತವೆ. ಸಂಜೀವಿನಿ ಸ್ವಸಹಾಯ ಸಂಘಗಳ ಆಸಕ್ತ ಸದಸ್ಯೆಯರನ್ನೂ ಇಲ್ಲಿಗೆ ಕಳುಹಿಸಬಹುದು. ಮೇಜಿನ ಮೇಲೆ ಕುಳಿತು ಮಾಡುವ ಡ್ರೈವರ್ ದುರಸ್ತಿಗೆ ಕಂಬ ಹತ್ತುವ ಅಗತ್ಯವಿಲ್ಲ. ಒಂದು ಮಲ್ಟಿಮೀಟರ್, ಬೆಸುಗೆ ಕಡ್ಡಿ, ಎಲ್‌ಇಡಿ ಪರೀಕ್ಷಕ ಹಾಗೂ ಕೆಲವು ಬಗೆಯ ಬಿಡಿಭಾಗಗಳಿಂದ ಕೆಲಸ ಆರಂಭಿಸಬಹುದು. ಅದೇ ಕೈಗಳು ಗ್ರಾಮಸ್ಥರ ಮನೆಯ ಬಲ್ಬು, ಚಾರ್ಜರ್, ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರುಗಳನ್ನೂ ಸರಿಪಡಿಸಬಲ್ಲವು, ಏಕೆಂದರೆ ಅವುಗಳೊಳಗೂ ಇದೇ ಫ್ಯೂಸ್, ಇದೇ ಡಯೋಡ್, ಇದೇ ಕೆಪಾಸಿಟರ್ ಇವೆ.

ಕೊನೆಗೂ ದುರಸ್ತಿಯಾಗದೆ ಉಳಿದದ್ದನ್ನು ಕಸದ ಗುಂಡಿಗೆ ಹಾಕಬಾರದು, ಸುಡಬಾರದು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು, 2022ರಂತೆ ನೋಂದಾಯಿತ ಮರುಬಳಕೆದಾರರಿಗೇ ಎಲೆಕ್ಟ್ರಾನಿಕ್ ತ್ಯಾಜ್ಯ ತಲುಪಬೇಕು. ಗ್ರಾಮದ ಘನತ್ಯಾಜ್ಯ ಘಟಕದಲ್ಲಿ ಅದಕ್ಕೊಂದು ಪ್ರತ್ಯೇಕ ಡಬ್ಬ ಇರಿಸಬಹುದು.

ಬಸ್ ನಿಲ್ದಾಣದ ತಿರುವಿನ ಒಂದು ದೀಪ ಆರಿದರೆ ಕೊನೆಯ ಬಸ್ಸಿನಿಂದ ಇಳಿದ ವಿದ್ಯಾರ್ಥಿನಿ, ಕೆಲಸ ಮುಗಿಸಿ ಬರುವ ಮಹಿಳೆ ಕತ್ತಲಲ್ಲೇ ನಡೆಯಬೇಕಾಗುತ್ತದೆ. ಹೊಸ ದೀಪದ ದರಪಟ್ಟಿ, ಮಂಜೂರಾತಿ, ಸರಬರಾಜಿಗೆ ವಾರಗಳು ಹಿಡಿಯುತ್ತವೆ. ಭಾಗ ಕೈಯಲ್ಲಿದ್ದರೆ ಕೆಪಾಸಿಟರ್ ಬದಲಿಸುವುದು ಒಂದು ಮಧ್ಯಾಹ್ನದ ಕೆಲಸ. ಆದುದರಿಂದ ಮುಂದಿನ ಸಾಮಾನ್ಯ ಸಭೆಯಲ್ಲಿ ಬೀದಿದೀಪದ ಬಿಲ್ಲು ಮಂಡನೆಯಾದಾಗ, ಎಷ್ಟು ದೀಪಗಳನ್ನು ಬದಲಿಸಲಾಯಿತು ಎಂಬ ಪ್ರಶ್ನೆಗೆ ಮುನ್ನ ಸದಸ್ಯರು ಇನ್ನೆರಡು ಪ್ರಶ್ನೆಗಳನ್ನು ಕೇಳುವುದು ಉಚಿತ: ಇಳಿಸಿದ ದೀಪಗಳಲ್ಲಿ ಯಾವ ಭಾಗ ಕೆಟ್ಟಿತ್ತು? ಅದು ಏಕೆ ಕೆಟ್ಟಿತು?